ಹಳೇ ಮನೆಯ ಇಸವಿ ಫೋಟೊದಲ್ಲಿ ಓದಲು ಬರಬೇಕಾದರೆ

ಬಳ್ಳಾರಿಯ ಬ್ರೂಸ್‌ಪೇಟೆ, ಕೌಲ್‌ಬಜಾರ್ ಕಡೆ ಹಳೇ ಮನೆಗಳ ಫೋಟೊ ತೆಗೆಯುವವರಿಗೆ ಒಂದು ಮಾತು. ಗಾರೆಯಲ್ಲಿ ಮಾಡಿದ ಹೆಸರು, ಇಸವಿ ಚೆನ್ನಾಗಿ ಮೂಡಬೇಕಾದರೆ ಬಿಸಿಲು ಗೋಡೆ ಬಿಡುವ ಹೊತ್ತಿಗೆ ತೆಗೆಯಿರಿ. ಪೂರ್ವಕ್ಕೆ ಮುಖ ಮಾಡಿದ ಮನೆಗೆ ಅದು ಸುಮಾರು ಹನ್ನೆರಡು ಗಂಟೆ, ಬೆಳಗಿನ ಏಳಲ್ಲ. ಎದುರು ಬಿಸಿಲಿಗೆ ಎಲ್ಲಾ ಚಪ್ಪಟೆ ಕಾಣುತ್ತೆ. ಗೋಡೆ ಸವರಿಕೊಂಡು ಹೋಗುವ ಬಿಸಿಲಿಗೆ ಕೂದಲೆಳೆಯಷ್ಟು ಉಬ್ಬಿದ್ದರೂ ನೆರಳು ಬೀಳುತ್ತೆ, ಹತ್ತು ಸಲ ಸುಣ್ಣ ಬಳಿದ ಮೇಲೂ 3 ಯಾವುದು 8 ಯಾವುದು ಗೊತ್ತಾಗುತ್ತೆ. ಬೆಳಕು ಬಿದ್ದ ಜಾಗಕ್ಕೇ ಫೋಕಸ್ ಒತ್ತಿ, ಬ್ರೈಟ್‌ನೆಸ್ ಸ್ವಲ್ಪ ಇಳಿಸಿ. ಅಕ್ಷರದ ಮೇಲೆ ಸಜ್ಜಾ ಚಾಚಿದ್ದರೆ ಈ ಉಪಾಯ ನಡೆಯಲ್ಲ, ನೆರಳೇ ಎಲ್ಲಾ ನುಂಗುತ್ತೆ. ಆಗ ಸಂಜೆ ಕತ್ತಲಾದ ಮೇಲೆ ಗೆಳೆಯರೊಬ್ಬರು ಪಕ್ಕದಿಂದ ಟಾರ್ಚ್ ಹಿಡಿಯಲಿ (ಮನೆಯವರಿಗೆ ಮೊದಲೇ ಹೇಳಿ, ಸುಮ್ನೆ ಗಾಬರಿ ಬೀಳ್ತಾರೆ). ಬರೀ ಬಣ್ಣದಲ್ಲಿ ಬರೆದ ಬೋರ್ಡಿಗೆ ಇದ್ಯಾವುದೂ ಬೇಡ, ಮೋಡದ ದಿನವೇ ವಾಸಿ. ತೆಲುಗು, ಇಂಗ್ಲಿಷ್ ಅಕ್ಷರ ಕಂಡರೆ ಕತ್ತರಿಸಬೇಡಿ. 1953ರವರೆಗೆ ಬಳ್ಳಾರಿ ಮದ್ರಾಸಿಗೆ ಸೇರಿತ್ತಲ್ವಾ.