ಇಂಗ್ಲಿಷ್ ಪದದಲ್ಲಿ ಒತ್ತು ಎಲ್ಲಿ: ನನಗೆ ಸರಿಹೋದ ದಾರಿ

ವಿಜಯಪುರದ ಮನೆಯಿಂದಲೇ ಹೊರದೇಶದ ಗ್ರಾಹಕರ ಜೊತೆ ಫೋನಿನಲ್ಲಿ ಮಾತಾಡುವುದು ನನ್ನ ಕೆಲಸ. ವ್ಯಾಕರಣ ಸರಿಯಿದ್ದರೂ 'ಡೆವಲಪ್‌ಮೆಂಟ್', 'ಹೋಟೆಲ್', 'ಕಮಿಟಿ' ಬಂದಾಗೆಲ್ಲ ಆ ಕಡೆಯಿಂದ 'ಸಾರಿ?' ಅನ್ನುತ್ತಿದ್ದರು. ತಪ್ಪುತ್ತಿದ್ದದ್ದು ಒತ್ತು, ಅಂದ್ರೆ ಪದದ ಯಾವ ತುಣುಕನ್ನು (ಸಿಲಬಲ್) ಉಳಿದವುಗಳಿಗಿಂತ ಬಲವಾಗಿ ಹೇಳಬೇಕು ಅನ್ನುವುದು.

ಜೋರಾಗಿ ಹೇಳಿದೆ, ಸಿನಿಮಾ ನೋಡಿ ಧಾಟಿ ಕಲಿತೆ. ಉಪಯೋಗ ಆಗಲಿಲ್ಲ. ನಿಧಾನವಾಗಿ ಹೇಳಿದರೆ ಇನ್ನೂ ಕೆಡುತ್ತದೆ, ಯಾಕಂದ್ರೆ ಕನ್ನಡದ ಹಾಗೆ ಎಲ್ಲ ಅಕ್ಷರಕ್ಕೂ ಸಮ ತೂಕ ಬೀಳುತ್ತದೆ.

ಸರಿಹೋಗಿದ್ದು ಹೀಗೆ. ಡಿಕ್ಷನರಿಯಲ್ಲಿ ಉಚ್ಚಾರಣೆ ಬರೆದ ಕಡೆ, ಮೇಲ್ಗಡೆ ಒಂದು ಸಣ್ಣ ನೆಟ್ಟಗಿನ ಗೆರೆ ಇರುತ್ತದೆ. ಒತ್ತು ಬೀಳುವುದು ಅದರ ಮುಂದಿನ ತುಣುಕಿಗೆ. ಕೆಳಗಡೆಯ ಗೆರೆಯನ್ನು ಸದ್ಯಕ್ಕೆ ಬಿಟ್ಟುಬಿಡಿ. ಎರಡೂ ಹೆಬ್ಬೆರಳಿಗೆ ರಬ್ಬರ್ ಬ್ಯಾಂಡ್ ಸಿಕ್ಕಿಸಿ, ಆ ತುಣುಕು ಬಂದಾಗ ಮಾತ್ರ ಎಳೆಯಿರಿ. ದನಿ ಅಲ್ಲೇ ಉದ್ದ ಆಗಬೇಕು, ಸ್ವಲ್ಪ ಏರಬೇಕು. ಆಮೇಲೆ ಮುಖ್ಯ ಕೆಲಸ: ಉಳಿದ ಸ್ವರಗಳನ್ನು ಕುಗ್ಗಿಸಿ. ಬಹಳಷ್ಟು ಕಡೆ ಅವು ಅರ್ಧ ನುಂಗಿದ 'ಅ' ಆಗುತ್ತವೆ. ಇದನ್ನು ಮಾಡದಿದ್ದರೆ ಒತ್ತು ಕೇಳಿಸುವುದೇ ಇಲ್ಲ.

'ಫೋಟೋಗ್ರಾಫ್'ನಲ್ಲಿ ಒತ್ತು 'ಫೋ' ಮೇಲೆ. 'ಫೋಟೋಗ್ರಾಫರ್' ಆದಾಗ 'ಫ-ಟಾ-ಗ್ರ-ಫರ್', ಒತ್ತು 'ಟಾ'ಗೆ ಹಾರುತ್ತದೆ. 'ಶನ್' ಅಂತ ಮುಗಿಯುವ ಪದಗಳಲ್ಲಿ ಅದರ ಹಿಂದಿನ ತುಣುಕಿಗೆ: ಎಜುಕೇಶನ್‌ನಲ್ಲಿ 'ಕೇ'.

ದಿನಕ್ಕೆ 5 ಪದ ಸಾಕು, ಕೆಲಸದಲ್ಲಿ ಜಾಸ್ತಿ ಬರುವಂಥವು. ಮೊದಲು ಪದ ಒಂದೇ, ಆಮೇಲೆ ವಾಕ್ಯದಲ್ಲಿ, ಕೊನೆಗೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ನನಗೆ ಮೂರನೇ ವಾರಕ್ಕೆ 'ಸಾರಿ?' ನಿಂತಿತು.