ಕಾರಿನ ಹಿಂದಿನ ಸೀಟಿಗೆ ಆರ್ಗನೈಸರ್: ವಿಜಯಪುರಕ್ಕೆ ಹೊಸದಾಗಿ ಬಂದ ಕುಟುಂಬಗಳಿಗೆ

ಇಲ್ಲಿ ಮನೆ ಮಾಡಿದ ಮೇಲೆ ಮಕ್ಕಳನ್ನು ಕರೆದುಕೊಂಡು ಆಲಮಟ್ಟಿ, ಕೂಡಲಸಂಗಮ, ಬಾದಾಮಿ ಅಂತ ತಿರುಗಾಟ ಇದ್ದದ್ದೇ. ನೀರಿನ ಬಾಟಲಿ ಹಿಂದಿನಿಂದ ಉರುಳಿ ಬಂದು ಬ್ರೇಕ್ ಪೆಡಲ್ ಕೆಳಗೆ ಸಿಕ್ಕರೆ ಅಪಾಯ. ಮುಂದಿನ ಸೀಟಿನ ಬೆನ್ನಿಗೆ ಕಟ್ಟುವ ಆರ್ಗನೈಸರ್, ಅಂದರೆ ಜೇಬುಗಳಿರುವ ಚೀಲ, ಬೇಕಾಗುವುದು ಮೊದಲು ಇದಕ್ಕೇ.

ಕೊಳ್ಳುವ ಮುಂಚೆ ಟೇಪು ಹಿಡಿದು ಸೀಟಿನ ಬೆನ್ನಿನ ಅಗಲ, ಎತ್ತರ ಅಳೆಯಿರಿ. ಸೀಟಿಗಿಂತ ಅಗಲವಾದ ಚೀಲದ ಅಂಚು ಬಾಗಿಲ ಕಡೆ ಜೋತು ಹತ್ತಿಳಿಯುವಾಗ ಕಾಲಿಗೆ ತೊಡರುತ್ತದೆ. ಹೆಡ್‌ರೆಸ್ಟ್ ಕೆಳಗೆ ಎರಡು ಸರಳು ಕಾಣುತ್ತವೆಯೇ ನೋಡಿ. ಕೆಲವು ಕಾರುಗಳಲ್ಲಿ ಹೆಡ್‌ರೆಸ್ಟ್ ಸೀಟಿನ ಜೊತೆ ಒಂದೇ ಆಗಿರುತ್ತದೆ. ಅಂಥದ್ದಕ್ಕೆ ಸರಳಿಗೆ ಸುತ್ತುವ ಬೆಲ್ಟು ನಿಲ್ಲುವುದಿಲ್ಲ.

ರೆಕ್ಸಿನ್‌ನದು ಅಂಗಡಿಯಲ್ಲಿ ಚೆಂದ ಕಾಣುತ್ತದೆ, ಆದರೆ ನಮ್ಮ ಊರಿಗೆ ಅದು ಬೇಡ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವ ದಿನಗಳಿವೆ, ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಇನ್ನೂ ಹೆಚ್ಚು. ಆ ಕಾವಿಗೆ ಅಂಟು ಸಡಿಲಾಗಿ ಒಳಗಿನ ರಟ್ಟು ಕಳಚುತ್ತದೆ, ಮೊಬೈಲ್ ಇಡುವ ಪಾರದರ್ಶಕ ಜೇಬು ಮಸುಕಾಗುತ್ತದೆ. ಲೇಬಲ್ಲಿನಲ್ಲಿ 600ಡಿ (600D; ಡಿ ಅಂದರೆ ಡೆನಿಯರ್, ನೂಲಿನ ದಪ್ಪದ ಅಳತೆ) ಎಂದಿರುವ ದಪ್ಪ ಪಾಲಿಯೆಸ್ಟರ್ ಬಟ್ಟೆಯದು ಒಳ್ಳೆಯದು. ಬೆಲ್ಟು ಸೇರುವ ಮೂಲೆಯನ್ನು ಎಳೆದು ನೋಡಿ. ಅಲ್ಲಿ ಒಂಟಿ ಹೊಲಿಗೆ ಇದ್ದರೆ ಮೊದಲು ಬಿಚ್ಚುವುದು ಅದೇ. ಕೆಳಗಿನ ಅರ್ಧಕ್ಕೆ ಜಾಳಿಗೆ ಜೇಬು ಬೇಡ. ಮಕ್ಕಳ ಬೂಟಿನ ಎರೆಮಣ್ಣೆಲ್ಲ ಅದರಲ್ಲೇ ಸೇರುತ್ತದೆ. ಆ ಭಾಗ ಬರೀ ಬಟ್ಟೆ ಇದ್ದರೆ ಒರೆಸಿದರೆ ಮುಗಿಯಿತು.

ಕಟ್ಟುವಾಗ ಮೇಲಿನ ಬೆಲ್ಟನ್ನು ಹೆಡ್‌ರೆಸ್ಟಿನ ಸರಳುಗಳಿಗೆ ಸುತ್ತಿ ಬಕಲ್ ಹಾಕಿ, ಆಮೇಲೆ ಕೆಳಗಿನದನ್ನು ಬಿಗಿ ಮಾಡಿ. ಸೀಟಿನ ಅಡಿಯಲ್ಲಿ ವೈರುಗಳಿರುತ್ತವೆ, ಏರ್‌ಬ್ಯಾಗಿನ ಹಳದಿ ಕನೆಕ್ಟರ್ ಕೂಡ; ಹುಕ್ಕನ್ನು ಅವಕ್ಕಾಗಲಿ ಸೀಟು ಜಾರುವ ಹಳಿಗಾಗಲಿ ಸಿಕ್ಕಿಸಬೇಡಿ. ಕಟ್ಟಿದ ಮೇಲೆ ಸೀಟನ್ನು ಪೂರ್ತಿ ಹಿಂದೆ ಮುಂದೆ ಸರಿಸಿ ನೋಡಿ. ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ: ಸೀಟಿನ ಬಾಗಿಲ ಕಡೆಯ ಮಗ್ಗುಲಲ್ಲಿ ಏರ್‌ಬ್ಯಾಗ್ ಎಂಬ ಚೀಟಿ ಇದ್ದರೆ, ಸೀಟಿನ ನಡುವಿಗೆ ಸುತ್ತುವ ಬೆಲ್ಟಿನ ಚೀಲವನ್ನು ಕೊಳ್ಳಲೇಬೇಡಿ. ಆ ಮಗ್ಗುಲಿನ ಹೊಲಿಗೆ ಹರಿದುಕೊಂಡೇ ಏರ್‌ಬ್ಯಾಗ್ ಹೊರಬರಬೇಕು, ಬೆಲ್ಟು ಅದಕ್ಕೆ ಅಡ್ಡ.

ಲೀಟರಿನ ಎರಡು ಬಾಟಲಿ ಇಟ್ಟರೇ ಎರಡು ಕೆಜಿ ಭಾರವಾಯಿತು. ಅಲ್ಲಿಗೆ ನಿಲ್ಲಿಸಿ. ಬುತ್ತಿಯ ಸ್ಟೀಲ್ ಡಬ್ಬಿ ಡಿಕ್ಕಿಯಲ್ಲಿರಲಿ. ಜೋರಾಗಿ ಬ್ರೇಕ್ ಹಾಕಿದಾಗ ಅದು ಹಾರಿ ಬಂದರೆ ಪೆಟ್ಟಾಗುತ್ತದೆ. ಕತ್ತರಿ, ಗಾಜಿನ ಸೀಸೆಯೂ ಬೇಡ. ಪವರ್ ಬ್ಯಾಂಕ್, ಸ್ಪ್ರೇ ಡಬ್ಬಿಗಳನ್ನು ಕಾರು ನಿಲ್ಲಿಸಿದಾಗ ಮನೆಗೆ ಒಯ್ಯಿರಿ. ಮಡಚುವ ಟ್ರೇ ಇದ್ದರೆ ನಿಂತಾಗ ಮಾತ್ರ ಬಿಚ್ಚಿ. ಹಿಮ್ಮುಖ ಕೂರಿಸುವ ಮಗುವಿನ ಸೀಟು ಇರುವ ಕಡೆ ಆರ್ಗನೈಸರನ್ನೇ ಕಟ್ಟಬೇಡಿ, ಇನ್ನೊಂದು ಬದಿಯ ಮುಂದಿನ ಸೀಟಿಗೆ ಒಂದು ಸಾಕು.