ಅಮ್ಮ ಬರೆಸಿದ ಸಾಲು

ಕಾಸರಗೋಡು ಜಿಲ್ಲೆಯ ಪೆರ್ಲದ ಮನೆಯ ಚಾವಡಿಯಲ್ಲಿ ಕೂತು ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೆ ಬಜೆಟ್ ಬರೆದುಕೊಡುವುದು ನನ್ನ ಉದ್ಯೋಗ. ಬೆದರಿಕೆ, ಕೇಸುಗಳಿಂದ ಬೇಸತ್ತ ಮಾನವ ಹಕ್ಕು ಹೋರಾಟಗಾರರನ್ನು ಕೆಲವು ತಿಂಗಳು ಕ್ಯಾಂಪಸ್ಸಿನಲ್ಲಿ ಇರಿಸಿಕೊಳ್ಳುವ ಯೋಜನೆ ಅದು. ಯಾರ್ಕ್ ವಿಶ್ವವಿದ್ಯಾಲಯ 2008ರಿಂದ ಇಂಥದ್ದನ್ನು ನಡೆಸುತ್ತಿದೆ. ಪ್ರಾಧ್ಯಾಪಕರಿಗೆ ಆಶ್ರಯ ಕೊಡುವ ಕ್ರಮವಂತೂ ಇನ್ನೂ ಹಳೆಯದು: ನಾಜಿಗಳು ಕೆಲಸದಿಂದ ಕಿತ್ತವರಿಗಾಗಿ ಬ್ರಿಟನ್ನಿನಲ್ಲಿ 1933ರಲ್ಲೇ ನಿಧಿ ಎತ್ತಿದ್ದರು.

ನನ್ನ ಮೊದಲ ಬಜೆಟ್ಟಿನಲ್ಲಿ ವಿಮಾನ, ವೀಸಾ, ಆರೋಗ್ಯ ವಿಮೆ, ಕೋಣೆ ಬಾಡಿಗೆ, ತಿಂಗಳ ಸ್ಟೈಪೆಂಡ್ ಎಲ್ಲ ಇತ್ತು. ಆದರೂ ಬಂದ ವಕೀಲೆ ಮೂರನೇ ವಾರಕ್ಕೇ ಊರಿಗೆ ಹೊರಟು ನಿಂತರು. ಅವರ ದುಡಿಮೆಯಿಂದಲೇ ಮನೆ ನಡೆಯುತ್ತಿತ್ತಂತೆ. ನಾವು ಕೊಟ್ಟದ್ದು ಅವರೊಬ್ಬರ ಊಟಕ್ಕೆ ಸರಿಹೋಗುತ್ತಿತ್ತು, ಅಷ್ಟೆ.

ನನ್ನ ಫೋನ್ ಮಾತು ಕೇಳಿಸಿಕೊಂಡ ಅಮ್ಮ ಅಡಕೆ ಸುಲಿಯುತ್ತಲೇ ಕೇಳಿದಳು: "ಅದು ಅಲ್ಲಿಗೆ ಹೋದರೆ ಮನೆ ನೋಡಿಗೊಂಬದು ಆರು?" (ನಮ್ಮ ಹವ್ಯಕ ಮಾತಿನಲ್ಲಿ ಹೆಂಗಸು 'ಅದು'; 'ಆರು' ಎಂದರೆ ಯಾರು.) ಗೇರುತೋಟಗಳ ಮೇಲೆ ಹೆಲಿಕಾಪ್ಟರ್ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ಕಾಲದವಳು ಅವಳು. ಆ ವಿಷಕ್ಕೆ ನಲುಗಿದ ಪಡ್ರೆ ಇಲ್ಲೇ ಪಕ್ಕ. ಅದರ ವಿರುದ್ಧ ಅರ್ಜಿ ಹಿಡಿದು ಕಾಸರಗೋಡಿಗೆ ಅಲೆದವರ ಹಟ್ಟಿಯಲ್ಲಿ ದನ ಕರೆಯಲು ಜನವಿಲ್ಲದ್ದನ್ನು ಕಂಡಿದ್ದಳು.

ಮರುವರ್ಷ 'ಮನೆಯವರ ಖರ್ಚು' ಎಂದು ಒಂದು ಸಾಲು ಸೇರಿಸಿದೆ. ಹಣ ಕೊಡುವವರು ಅದನ್ನು ಹೊಡೆದು ಹಾಕಿದರು. ಊರಿನ ಸಂಸ್ಥೆಯ ಮೂಲಕ ತಲುಪಿಸೋಣವೆಂದರೆ, ಭಾರತದವರ ಮಟ್ಟಿಗೆ ಅದು ದೊಡ್ಡ ರಗಳೆ: ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾದ ನಂತರ ಅಂಥ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಕೊನೆಗೆ ಮನೆ ಖರ್ಚನ್ನು ಸ್ಟೈಪೆಂಡಿನಲ್ಲೇ ಸೇರಿಸಿ ಕೇಳಿದೆ. ಒಪ್ಪಿದರು. ಬಂದವರು ತಾವೇ ಮನೆಗೆ ಕಳಿಸುತ್ತಾರೆ.

ಆಮೇಲೆ ಹಣ ಕೊಡುವವರು ರಸೀದಿ ಕೇಳಿದರು, ಮಕ್ಕಳ ಶಾಲೆಯ ಫೀಸಿನದ್ದೂ. ಆ ಚೀಟಿಯಲ್ಲಿ ಮಗುವಿನ ಹೆಸರು, ತರಗತಿ, ಶಾಲೆಯ ವಿಳಾಸ ಎಲ್ಲ ಇರುತ್ತದೆ. ಬೆದರಿಸುವವನಿಗೆ ಬೇಕಾದದ್ದೂ ಅದೇ. ಕೊಡಲಾರೆನೆಂದೆ. ಎರಡು ತಿಂಗಳು ಕಂತು ನಿಂತಿತು. ಈಗ ಹೆಸರಿನ ಬದಲು ಸಂಖ್ಯೆ, ರಸೀದಿಯ ಬದಲು ಸ್ಟೈಪೆಂಡ್ ಸಂದಾಯವಾಯಿತೆಂಬ ಒಂದು ಸಹಿ. ಹೆಸರು, ಸಂಖ್ಯೆ ಕೂಡಿಸುವ ಪಟ್ಟಿ ವಿಶ್ವವಿದ್ಯಾಲಯದ ಒಬ್ಬರ ಬಳಿ ಮಾತ್ರ. ನನ್ನ ಲ್ಯಾಪ್‌ಟಾಪಿನಲ್ಲೂ ಇಲ್ಲ.

ಈ ಸಲ, ಊರಿಗೆ ಮರಳಿದ ಮೇಲಿನ ಮೂರು ತಿಂಗಳಿಗೂ ದುಡ್ಡು ಕೇಳಿದ್ದೇನೆ: ಬಾಗಿಲಿಗೆ ಹೊಸ ಬೀಗ, ಬೇರೆ ಫೋನು, ಕೆಲಸ ಸಿಗುವತನಕ ಅಕ್ಕಿ. ಉತ್ತರ ಬರಬೇಕಷ್ಟೆ.